ಬಿಳಿ ರಕ್ತಕಣಗಳ ಲೆಕ್ಕ ಶ್ವಾಸಕೋಶದ ಕ್ಯಾನ್ಸರಿನ ಬಗ್ಗೆ ಏನು ಹೇಳುತ್ತದೆ?

ಡೆಂಗಿ ಬಂದುಹೋದ ಮನೆಯವರಿಗೆಲ್ಲ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟ್ ಓದುವುದು ಗೊತ್ತು. ಹಾಳೆ ಕೈಗೆ ಬಂದ ಕೂಡಲೇ ಕಣ್ಣು ಪ್ಲೇಟ್‌ಲೆಟ್ ಸಾಲಿಗೆ ಓಡುತ್ತದೆ. ಲಕ್ಷ ದಾಟಿದ್ದರೆ ನಿಟ್ಟುಸಿರು. ಆಮೇಲೆ ಹಿಮೋಗ್ಲೋಬಿನ್. ಈ ಎರಡರ ನಡುವೆ ಬಿಳಿ ರಕ್ತಕಣಗಳ ಐದು ಜಾತಿಗೆ ಇನ್ನೂ ಐದು ಸಾಲುಗಳಿರುತ್ತವೆ: ನ್ಯೂಟ್ರೋಫಿಲ್, ಲಿಂಫೋಸೈಟ್, ಮೊನೋಸೈಟ್, ಇಯೊಸಿನೊಫಿಲ್, ಬೇಸೋಫಿಲ್. ಪಕ್ಕದಲ್ಲಿ ಶೇಕಡಾ ಇಷ್ಟಿಷ್ಟು ಎಂದು ಬರೆದಿರುತ್ತದೆ. ಅವನ್ನು ಓದುವವರು ಕಡಿಮೆ.

ಹೋದ ತಿಂಗಳು ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಚಿಕ್ಕಮ್ಮನ ಮಗಳು ಇಂಥದ್ದೊಂದು ರಿಪೋರ್ಟಿನ ಫೋಟೊ ಕಳಿಸಿದಳು. ಅವಳ ಮಾವನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಗಿ ಆಗ ಮೂರು ವಾರ. "ಅಕ್ಕಾ, ಎನ್‌ಎಲ್‌ಆರ್ 5.57 ಬರ್ತಿದೆ. ನಾಲ್ಕರ ಮೇಲಿದ್ರೆ ಕಷ್ಟ ಅಂತ ನೆಟ್ಟಲ್ಲಿ ಹಾಕಿದಾರೆ. ಹೌದಾ?"

ರಿಪೋರ್ಟಿನಲ್ಲಿ ಎನ್‌ಎಲ್‌ಆರ್ ಎನ್ನುವ ಸಾಲೇ ಇರಲಿಲ್ಲ. ಎಲ್ಲೋ ಓದಿ, ಫೋನಿನಲ್ಲೇ ಭಾಗಿಸಿ ನೋಡಿದ್ದಳು. ಭಾಗಾಕಾರ ಸರಿಯಾಗಿಯೇ ಇತ್ತು. ಆದರೆ ಆ ಅಂಕಿ ಯಾವ ಪ್ರಶ್ನೆಗೆ ಉತ್ತರ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಕೆಲವು ವರ್ಷ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿದವಳು ನಾನು. ಅವಳಿಗೆ ಅವತ್ತು ತುಂಡುತುಂಡಾಗಿ ಹೇಳಿದ್ದನ್ನೇ ಇಲ್ಲಿ ಜೋಡಿಸಿ ಬರೆಯುತ್ತಿದ್ದೇನೆ.

ಐದು ಅಂಕಿಗಳು ಎಲ್ಲಿಂದ ಬರುತ್ತವೆ

ಈಗ ನೇರಳೆ ಮುಚ್ಚಳದ ಟ್ಯೂಬನ್ನು ಯಂತ್ರಕ್ಕೆ ಕೊಟ್ಟರೆ ನಿಮಿಷದಲ್ಲಿ ಎಣಿಸಿ ಕೊಡುತ್ತದೆ. ಅನುಮಾನ ಬಂದಾಗ ಮಾತ್ರ ಹಳೆಯ ವಿಧಾನ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತವನ್ನು ತೆಳ್ಳಗೆ ಎಳೆದು, ಒಣಗಿಸಿ, ಲೀಶ್ಮನ್ ಬಣ್ಣ ಹಾಕಿ ತೊಳೆದು, ಸೂಕ್ಷ್ಮದರ್ಶಕದ ಕೆಳಗಿಡಬೇಕು. ಎಡಗೈ ಪಕ್ಕದಲ್ಲಿ ಗುಂಡಿಗಳಿರುವ ಪುಟ್ಟ ಎಣಿಕೆ ಯಂತ್ರ. ಒಂದೊಂದು ಜಾತಿಯ ಕಣಕ್ಕೆ ಒಂದೊಂದು ಗುಂಡಿ. ನೂರು ಕಣ ಆದಾಗ ಟಿಂಗ್ ಎಂದು ಗಂಟೆ ಹೊಡೆಯುತ್ತದೆ. ನೂರರಲ್ಲಿ ಯಾವುದು ಎಷ್ಟು ಎನ್ನುವುದೇ ಆ ಐದು ಸಾಲು.

ನೋಡಿದರೆ ಗುರುತು ಹಿಡಿಯುವುದು ಕಷ್ಟವಲ್ಲ. ನ್ಯೂಟ್ರೋಫಿಲ್‌ನ ಕೋಶಕೇಂದ್ರ ಮೂರ್ನಾಲ್ಕು ಹೋಳಾಗಿ, ಸಣ್ಣ ಎಳೆಯಿಂದ ಒಂದಕ್ಕೊಂದು ಪೋಣಿಸಿದಂತಿರುತ್ತದೆ. ಲಿಂಫೋಸೈಟ್ ದುಂಡಗೆ, ಕಡುನೇರಳೆ ಕೇಂದ್ರವೇ ಕಣದ ತುಂಬ, ಸುತ್ತ ತಿಳಿನೀಲಿಯ ಒಂದು ಅಂಚು, ಅಷ್ಟೇ.

ಆರೋಗ್ಯವಂತ ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಬಿಳಿ ಕಣಗಳಿರುತ್ತವೆ. ಅದರಲ್ಲಿ ಹೆಚ್ಚಿನ ಪಾಲು ನ್ಯೂಟ್ರೋಫಿಲ್, ಸರಿಸುಮಾರು ಶೇ 40ರಿಂದ 75. ಲಿಂಫೋಸೈಟ್ ಶೇ 20ರಿಂದ 40. ಉಳಿದ ಮೂರು ಜಾತಿಗಳದ್ದು ಚಿಲ್ಲರೆ ಪಾಲು.

ಈ ಎರಡು ದೊಡ್ಡ ಗುಂಪುಗಳ ಸ್ವಭಾವ ಬೇರೆ ಬೇರೆ. ನ್ಯೂಟ್ರೋಫಿಲ್ ಬೆಂಕಿ ಆರಿಸಲು ಓಡುವ ಪಡೆ. ಗಾಯ, ಸೋಂಕು, ಸುಟ್ಟದ್ದು, ಏನೇ ಆದರೂ ಮೊದಲು ಅದೇ ಹಾಜರು. ಯಾರು, ಏನು ಎಂದು ವಿಚಾರಿಸುವ ವ್ಯವಧಾನ ಅದಕ್ಕಿಲ್ಲ. ಮೂಳೆಮಜ್ಜೆ ಇವನ್ನು ದಿನಕ್ಕೆ ಸುಮಾರು 10,000 ಕೋಟಿಯಷ್ಟು ತಯಾರಿಸುತ್ತದೆ. ರಕ್ತದಲ್ಲಿ ಇವುಗಳ ಬಾಳು ಬಹಳ ಚಿಕ್ಕದು. ಲಿಂಫೋಸೈಟ್ ಹಾಗಲ್ಲ. ಅದರಲ್ಲಿ ಟಿ ಕಣ, ಬಿ ಕಣ, ಎನ್‌ಕೆ ಕಣ ಎಂಬ ಒಳಪಂಗಡಗಳಿವೆ. ಟಿ ಕಣಗಳು ಎದುರಿರುವ ಕೋಶದ ಮೈಮುಟ್ಟಿ ನೋಡಿ, ಇದು ನಮ್ಮದೋ ಕೆಟ್ಟದ್ದೋ ಎಂದು ಗುರುತಿಸುತ್ತವೆ. ಅವುಗಳಲ್ಲಿ ಸಿಡಿ8 ಎಂಬ ಬಗೆ ಕ್ಯಾನ್ಸರ್ ಕೋಶವನ್ನು ಗುರುತು ಹಿಡಿದು ಕೊಲ್ಲಬಲ್ಲದು. ಕೆಲವು ಟಿ ಕಣಗಳು ವರ್ಷಗಟ್ಟಲೆ ಬದುಕುತ್ತವೆ, ಹಳೆಯ ಶತ್ರುವಿನ ನೆನಪಿಟ್ಟುಕೊಳ್ಳುತ್ತವೆ.

ಈಗ ಆ ಭಾಗಾಕಾರ

ಎನ್‌ಎಲ್‌ಆರ್ ಎಂದರೆ ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅನುಪಾತ. ತಂಗಿ ಕಳಿಸಿದ ರಿಪೋರ್ಟಿನಲ್ಲಿ ಒಟ್ಟು ಬಿಳಿ ಕಣ 10,400, ನ್ಯೂಟ್ರೋಫಿಲ್ ಶೇ 78, ಲಿಂಫೋಸೈಟ್ ಶೇ 14. ಅಂದರೆ 8,112 ನ್ಯೂಟ್ರೋಫಿಲ್, 1,456 ಲಿಂಫೋಸೈಟ್. ಭಾಗಿಸಿದರೆ 5.57. ಒಟ್ಟು ಬಿಳಿ ಕಣ ಮಿತಿಯೊಳಗೇ ಇದೆ ಎನ್ನುವುದನ್ನು ಗಮನಿಸಿ. ಒಟ್ಟು ಮೊತ್ತ ನೋಡಿದವರಿಗೆ ಏನೂ ಕಾಣುವುದಿಲ್ಲ. ಮನೆಯೊಳಗಿನ ಪಾಲು ಏರುಪೇರಾದದ್ದು ಅನುಪಾತಕ್ಕೆ ಮಾತ್ರ ಕಾಣುತ್ತದೆ.

ಇದು ಹುಟ್ಟಿದ್ದು ಕ್ಯಾನ್ಸರ್ ವಾರ್ಡಿನಲ್ಲಲ್ಲ. ಸ್ಲೊವಾಕಿಯಾದ ವೈದ್ಯ ರೋಮನ್ ಜಹೋರೆಟ್ಸ್ 2001ರಲ್ಲಿ, ಐಸಿಯುವಿನಲ್ಲಿರುವ ರೋಗಿಯ ದೇಹ ಎಷ್ಟು ಒತ್ತಡದಲ್ಲಿದೆ ಎಂದು ಅಗ್ಗದಲ್ಲಿ ಅಳೆಯಲು ಈ ಅನುಪಾತವನ್ನು ಮುಂದಿಟ್ಟರು. ಕ್ಯಾನ್ಸರ್ ತಜ್ಞರು ಆಮೇಲೆ ಎತ್ತಿಕೊಂಡರು. 2014ರಲ್ಲಿ 100 ಅಧ್ಯಯನಗಳನ್ನು, 40,559 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ಪ್ರಕಟವಾಯಿತು. ಶ್ವಾಸಕೋಶವೂ ಸೇರಿ ಬಗೆಬಗೆಯ ಗೆಡ್ಡೆ ಕ್ಯಾನ್ಸರುಗಳು ಅದರಲ್ಲಿದ್ದವು. ಎನ್‌ಎಲ್‌ಆರ್ ಗೆರೆಗಿಂತ ಮೇಲಿದ್ದವರಲ್ಲಿ ಸಾವಿನ ಅಪಾಯ ಉಳಿದವರಿಗಿಂತ ಸುಮಾರು 1.8 ಪಟ್ಟು ಕಂಡಿತು. ಆ ಅಧ್ಯಯನಗಳು ಎಳೆದ ಗೆರೆಗಳ ಮಧ್ಯಬಿಂದು 4. ನೆಟ್ಟಲ್ಲಿ ಓಡಾಡುವ "ನಾಲ್ಕರ ಮೇಲೆ" ಎನ್ನುವ ಮಾತಿನ ಹಿಂದೆ ಇರುವುದು ಇಂಥ ಲೆಕ್ಕಗಳೇ. ಒಬ್ಬೊಬ್ಬರು 3, 5 ಎಂದೂ ಗೆರೆ ಎಳೆದಿದ್ದಾರೆ. 3.9 ಇದ್ದವರು ಕ್ಷೇಮ, 4.1 ಇದ್ದವರು ಅಪಾಯ ಎಂದಲ್ಲ. ಮಳೆಗಾಲ ಜೂನ್ ಒಂದರ ಬೆಳಿಗ್ಗೆಯೇ ಶುರುವಾಗುತ್ತದೆಯೇ?

ಗೆಡ್ಡೆ ಎದೆಯಲ್ಲಿ, ಸುಳಿವು ತೋಳಿನ ರಕ್ತದಲ್ಲಿ

ಗೆಡ್ಡೆಗೂ ಬಿಳಿ ಕಣಕ್ಕೂ ಸಂಬಂಧವಿದೆ ಎನ್ನುವ ಗುಮಾನಿ ಹಳೆಯದು. ಜರ್ಮನಿಯ ರುಡಾಲ್ಫ್ ವಿರ್ಖೋ 1863ರಲ್ಲೇ ಗೆಡ್ಡೆಗಳೊಳಗೆ ಬಿಳಿ ಕಣಗಳನ್ನು ಕಂಡು, ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿದೆ ಎಂದಿದ್ದರು.

ಬೆಳೆಯುವ ಗೆಡ್ಡೆ ಒಂದು ಆರದ ಗಾಯದಂತೆ ವರ್ತಿಸುತ್ತದೆ. ಐಎಲ್-6, ಜಿ-ಸಿಎಸ್‌ಎಫ್ ಮುಂತಾದ ರಾಸಾಯನಿಕ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಮೂಳೆಮಜ್ಜೆ ಅದನ್ನು ಸೋಂಕಿನ ಕರೆ ಎಂದುಕೊಂಡು ನ್ಯೂಟ್ರೋಫಿಲ್ ತಯಾರಿಯನ್ನು ಹೆಚ್ಚಿಸುತ್ತದೆ, ಪೂರ್ತಿ ಬಲಿಯದವನ್ನೂ ಹೊರಗೆ ಬಿಡುತ್ತದೆ. ಬೆಂಕಿಯೇ ಇಲ್ಲದ ಕಡೆ ಅಗ್ನಿಶಾಮಕದ ಗಾಡಿಗಳು ಬಂದು ತುಂಬಿಕೊಂಡಂತೆ. ಬಂದವು ಸುಮ್ಮನಿರುವುದಿಲ್ಲ. ಅರ್ಜಿನೇಸ್ ಎಂಬ ಕಿಣ್ವವನ್ನು ಚೆಲ್ಲುತ್ತವೆ. ಅದು ಟಿ ಕಣಗಳು ದ್ವಿಗುಣಗೊಳ್ಳಲು ಬೇಕಾದ ಅರ್ಜಿನಿನ್ ಎಂಬ ಪೋಷಕಾಂಶವನ್ನು ಖಾಲಿ ಮಾಡುತ್ತದೆ. ಒಂದು ಪಡೆ ಇನ್ನೊಂದು ಪಡೆಯ ಊಟ ಕಸಿದಂತಾಯಿತು.

ಇನ್ನೊಂದು ಸಂಗತಿ ಬಲೆಯದು. ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಬಲೆಯಂತೆ ಹೊರಗೆ ಎರಚಿ ಬ್ಯಾಕ್ಟೀರಿಯಾ ಹಿಡಿಯುತ್ತದೆ ಎಂದು 2004ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ತೋರಿಸಿದರು. 2018ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದವರು ಇಲಿಗಳಲ್ಲಿ ಕಂಡದ್ದು ಇದಕ್ಕಿಂತ ವಿಚಿತ್ರ. ಸ್ತನ ಕ್ಯಾನ್ಸರಿನ ಕೆಲವು ಕೋಶಗಳು ಇಲಿಯ ಶ್ವಾಸಕೋಶದಲ್ಲಿ ಬಂದು ಏನೂ ಮಾಡದೆ ಮಲಗಿದ್ದವು. ಇಲಿಗೆ ತಂಬಾಕಿನ ಹೊಗೆ ತಾಗಿಸಿದಾಗ ಶ್ವಾಸಕೋಶ ಉರಿದು, ನ್ಯೂಟ್ರೋಫಿಲ್‌ಗಳು ಬಲೆ ಎರಚಿ, ಆ ಬಲೆಗೆ ಅಂಟಿದ್ದ ಕಿಣ್ವಗಳು ಸುತ್ತಲ ಹಂದರವನ್ನು ಕತ್ತರಿಸಿ, ಮಲಗಿದ್ದ ಕೋಶಗಳು ಎದ್ದು ಬೆಳೆಯತೊಡಗಿದವು.

ಆದ್ದರಿಂದ ಅನುಪಾತ ಏರುವುದೆಂದರೆ ಎರಡು ಸುದ್ದಿ ಒಟ್ಟಿಗೆ: ಗೆಡ್ಡೆಗೆ ಅನುಕೂಲವಾದ ಉರಿಯೂತ ಜಾಸ್ತಿ, ಗೆಡ್ಡೆಯನ್ನು ಹಿಡಿಯಬಲ್ಲ ಕಣಗಳು ಕಡಿಮೆ.

ಲಿಪಿ, ಆದರೆ ಬ್ರಹ್ಮಲಿಪಿಯಲ್ಲ

ಶ್ವಾಸಕೋಶದ ಕ್ಯಾನ್ಸರಿಗೆ ಇದು ಇಷ್ಟು ಮುಖ್ಯವಾದದ್ದು ಇಮ್ಯುನೊಥೆರಪಿ ಬಂದ ಮೇಲೆ. ಟಿ ಕಣದ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇರುತ್ತದೆ. ಟಿ ಕಣ ಮೈಮರೆತು ನಮ್ಮದೇ ಅಂಗಗಳನ್ನು ಕಚ್ಚದಿರಲಿ ಎಂದು ಇರುವ ವ್ಯವಸ್ಥೆ. ಕೆಲವು ಗೆಡ್ಡೆಗಳು ಅದೇ ಬ್ರೇಕನ್ನು ಒತ್ತಿಹಿಡಿದು ಪಾರಾಗುತ್ತವೆ. ಒತ್ತಿದ ಕಾಲನ್ನು ಎತ್ತಿಸುವ ಔಷಧಿಗಳೇ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಮುಂತಾದವು. ಈ ಬ್ರೇಕುಗಳನ್ನು ಬಿಡಿಸುವ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಔಷಧಿ ಕೆಲವರಿಗೆ ವರ್ಷಗಳನ್ನೇ ಕೊಡುತ್ತದೆ, ಹಲವರಿಗೆ ಏನೂ ಕೊಡುವುದಿಲ್ಲ. ಬೆಲೆಯೋ, ಜಮೀನು ಮಾರುವ ಮಾತು. ಯಾರಿಗೆ ಫಲಿಸುತ್ತದೆ ಎಂದು ಮುಂಚೆಯೇ ತಿಳಿಯಬೇಕೆಂಬ ಹಸಿವು ಹುಟ್ಟಿದ್ದು ಇಲ್ಲಿಂದ. ಬಯಾಪ್ಸಿ ತುಣುಕಿನಲ್ಲಿ ಪಿಡಿ-ಎಲ್1, ಅಂದರೆ ಗೆಡ್ಡೆ ಆ ಬ್ರೇಕನ್ನು ಒತ್ತಲು ಬಳಸುವ ಪ್ರೋಟೀನ್, ಎಷ್ಟಿದೆ ಎಂದು ನೋಡುತ್ತಾರೆ, ನಿಜ. ಆದರೆ ಶ್ವಾಸಕೋಶಕ್ಕೆ ಸೂಜಿ ಹಾಕಿ ತುಣುಕು ತೆಗೆಯುವುದು ತೋಳಿನಿಂದ ರಕ್ತ ಎಳೆದಷ್ಟು ಸಲೀಸಲ್ಲ. ಮತ್ತೆ ಮತ್ತೆ ಮಾಡಲೂ ಆಗದು.

2018ರಲ್ಲೇ ಪ್ಯಾರಿಸ್ ಪಕ್ಕದ ಗುಸ್ತಾವ್ ರೂಸಿ ಕ್ಯಾನ್ಸರ್ ಸಂಸ್ಥೆಯ ತಂಡ ಒಂದು ಸರಳ ಸೂಚ್ಯಂಕ ಪ್ರಕಟಿಸಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿದರೆ ಲಿಪಿ. ಕನ್ನಡದವರಿಗೆ ಹಣೆಬರಹ ನೆನಪಾಗುವುದು ಸಹಜ. ಅದರಲ್ಲಿರುವುದು ಎರಡೇ ಪ್ರಶ್ನೆ. ಒಂದು, ನ್ಯೂಟ್ರೋಫಿಲ್ ಸಂಖ್ಯೆಯನ್ನು ಉಳಿದೆಲ್ಲ ಬಿಳಿ ಕಣಗಳ ಮೊತ್ತದಿಂದ ಭಾಗಿಸಿದರೆ 3ಕ್ಕಿಂತ ಹೆಚ್ಚು ಬರುತ್ತದೆಯೇ? (ನಮ್ಮ ರಿಪೋರ್ಟಿನಲ್ಲಿ 8,112 ಭಾಗಿಸು 2,288, ಅಂದರೆ 3.55.) ಎರಡು, ಕೋಶಗಳು ಒಡೆದಾಗ ರಕ್ತಕ್ಕೆ ಸೋರುವ ಎಲ್‌ಡಿಎಚ್ ಎಂಬ ಕಿಣ್ವ ಮಿತಿ ಮೀರಿದೆಯೇ? ಎರಡಕ್ಕೂ ಇಲ್ಲ ಎಂದರೆ ಒಳ್ಳೆಯ ಗುಂಪು, ಒಂದಕ್ಕೆ ಹೌದು ಎಂದರೆ ನಡುವಿನದು, ಎರಡಕ್ಕೂ ಹೌದಾದರೆ ಕಷ್ಟದ್ದು.

ಇಮ್ಯುನೊಥೆರಪಿ ಪಡೆದ 466 ರೋಗಿಗಳ ಹಳೆಯ ದಾಖಲೆಗಳನ್ನು ತಂಡ ನೋಡಿತು. ಮೊದಲು ಪರೀಕ್ಷಿಸಿದ 161 ಜನರಲ್ಲಿ ಬದುಕಿನ ಮಧ್ಯಾಂಕ ಒಳ್ಳೆಯ ಗುಂಪಿಗೆ 34 ತಿಂಗಳು, ನಡುವಿನದಕ್ಕೆ 10, ಕಷ್ಟದ ಗುಂಪಿಗೆ 3. ಮಧ್ಯಾಂಕ ಎಂಬ ಮಾತನ್ನು ಇಲ್ಲಿ ನಿಧಾನವಾಗಿ ಓದಬೇಕು. 10 ತಿಂಗಳು ಎಂದರೆ "ನಿಮಗಿರುವುದು 10 ತಿಂಗಳು" ಎಂದಲ್ಲ. ಗುಂಪಿನ ಅರ್ಧದಷ್ಟು ಜನ ಅದಕ್ಕಿಂತ ಮುಂಚೆ ತೀರಿಕೊಂಡರು, ಇನ್ನರ್ಧ ಅದನ್ನು ದಾಟಿದರು ಎಂದು. ದಾಟಿದವರಲ್ಲಿ ಯಾರು ಎಷ್ಟು ದೂರ ಹೋದರು ಎನ್ನುವುದನ್ನು ಆ ಒಂದು ಅಂಕಿ ಹೇಳುವುದಿಲ್ಲ.

ಹೊಲದ ತೇವ ಬೇರೆ, ಮಣ್ಣಿನ ಹುಳಿ ಬೇರೆ

ಪತ್ರಿಕೆಗಳ ಸುದ್ದಿಗಳು ಎಡವುವುದು ಸಾಮಾನ್ಯವಾಗಿ ಇಲ್ಲಿ. "ಮುನ್ಸೂಚಕ" ಎನ್ನುವ ಒಂದೇ ಪದದೊಳಗೆ ಎರಡು ಬೇರೆ ಸಂಗತಿಗಳಿವೆ.

ಹೊಲದಲ್ಲಿ ತೇವ ಚೆನ್ನಾಗಿದ್ದರೆ ರಾಗಿ ಬಿತ್ತಿ, ಜೋಳ ಬಿತ್ತಿ, ಬೆಳೆ ಚೆನ್ನಾಗಿಯೇ ಬರುತ್ತದೆ. ಒಣಗಿದ್ದರೆ ಯಾವುದೂ ಕಷ್ಟ. ತೇವ ಬೆಳೆಯ ಭವಿಷ್ಯ ಹೇಳಿತು, ಯಾವ ಬೀಜ ಹಾಕಬೇಕೆಂದು ಹೇಳಲಿಲ್ಲ. ಮಲೆನಾಡಿನ ಅಡಿಕೆ ತೋಟದ ಮಣ್ಣಿನ ಹುಳಿ ಪರೀಕ್ಷೆ ಬೇರೆ ಬಗೆಯದು. ಹುಳಿ ಇದ್ದರೆ ಸುಣ್ಣ ಹಾಕಿದ್ದು ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಸುಣ್ಣದ ದುಡ್ಡು ದಂಡ. ಇದು ಏನು ಮಾಡಬೇಕೆಂದು ಹೇಳುವ ಪರೀಕ್ಷೆ.

ರಕ್ತದ ಅನುಪಾತ ಯಾವುದು? ಫ್ರೆಂಚ್ ತಂಡ ಕೀಮೋ ಮಾತ್ರ ಪಡೆದ 162 ಜನರಲ್ಲೂ ಲಿಪಿಯನ್ನು ಹಚ್ಚಿ ನೋಡಿತ್ತು. ಅಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದು ಇಮ್ಯುನೊಥೆರಪಿಯನ್ನೇ ಆರಿಸಿಕೊಡುವ ಹುಳಿ ಪರೀಕ್ಷೆ ಇರಬಹುದು ಎಂಬ ಆಸೆ ಮೂಡಿತು. ಮರುವರ್ಷ, 2019ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಜ್ಞರು 11 ಪ್ರಯೋಗಗಳ ಸುಮಾರು 4,000 ರೋಗಿಗಳನ್ನು ಒಟ್ಟಿಗೆ ನೋಡಿದರು. ಒಳ್ಳೆಯ ಗುಂಪಿನವರು ಯಾವ ಚಿಕಿತ್ಸೆ ಪಡೆದರೂ ಹೆಚ್ಚು ಬದುಕಿದ್ದರು. ಕಷ್ಟದ ಗುಂಪಿನವರು ಯಾವುದರಲ್ಲೂ ಕಡಿಮೆ. ಅಂದರೆ ಲಿಪಿ ಅಳೆಯುತ್ತಿರುವುದು ಮುಖ್ಯವಾಗಿ ಹೊಲದ ತೇವವನ್ನು. ಅನುಪಾತ ಜಾಸ್ತಿ ಇದೆ ಎಂಬ ಒಂದೇ ಕಾರಣಕ್ಕೆ ಯಾರಿಗಾದರೂ ಔಷಧಿ ನಿರಾಕರಿಸಲು, ಅಥವಾ ಕಡಿಮೆ ಇದೆ ಎಂದು ಅದನ್ನೇ ಕೊಡಲು ಈ ಅಂಕಿ ಸಾಕಾಗುವುದಿಲ್ಲ.

ಪದಬಂಧ ಕತ್ತರಿಸಿದ ಪತ್ರಿಕೆಗಳು

ಅನುಪಾತ ಲಿಂಫೋಸೈಟ್‌ಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟುತ್ತದೆ. ಟಿ ಕಣ ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಲಂಡನ್ನಿನ ಸಂಶೋಧಕರು ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ.

ನಮ್ಮ ದೇಹದ ಎಲ್ಲ ಕೋಶಗಳಲ್ಲೂ ಒಂದೇ ಡಿಎನ್‌ಎ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಟಿ ಮತ್ತು ಬಿ ಕಣಗಳು ಇದಕ್ಕೆ ಅಪವಾದ. ಶತ್ರುವನ್ನು ಗುರುತಿಸುವ ಗ್ರಾಹಕವನ್ನು ಕಟ್ಟಿಕೊಳ್ಳಲು ಪ್ರತಿ ಟಿ ಕಣ ತನ್ನ ಡಿಎನ್‌ಎಯ ಒಂದು ನಿರ್ದಿಷ್ಟ ಜಾಗವನ್ನು ಕತ್ತರಿಸಿ, ನಡುವಿನ ತುಂಡು ಬಿಸಾಡಿ, ಉಳಿದದ್ದನ್ನು ತನ್ನದೇ ರೀತಿಯಲ್ಲಿ ಅಂಟಿಸಿಕೊಳ್ಳುತ್ತದೆ. ಇಂಥ ಕತ್ತರಿ ಕೆಲಸವನ್ನು ಮೊದಲು ಬಿ ಕಣಗಳಲ್ಲಿ ತೋರಿಸಿದ ಸುಸುಮು ತೊನೆಗಾವಾ ಅವರಿಗೆ 1987ರ ನೊಬೆಲ್ ಬಂತು.

ಈಗ ಊರಿನ ವಾಚನಾಲಯದಲ್ಲಿ ಒಂದೇ ದಿನದ ಪತ್ರಿಕೆಯ ನೂರು ಪ್ರತಿ ಇವೆ ಎಂದುಕೊಳ್ಳಿ. ಕೆಲವರು ಪದಬಂಧದ ಚೌಕವನ್ನು ಕತ್ತರಿಸಿ ಮನೆಗೊಯ್ದಿದ್ದಾರೆ. ಎಷ್ಟು ಜನ? ನೂರೂ ಪ್ರತಿಗಳನ್ನು ಚೂರುಚೂರು ಹರಿದು ರಾಶಿ ಹಾಕಿ, ಚೂರುಗಳನ್ನು ಒಂದೊಂದಾಗಿ ಓದಿ. ರಾಜಕೀಯ ಸುದ್ದಿಯ ಚೂರು ನೂರು ಸಿಕ್ಕಿತು. ಮಾರುಕಟ್ಟೆ ಧಾರಣೆಯದ್ದೂ ನೂರು. ಪದಬಂಧದ್ದು ಮಾತ್ರ ಎಪ್ಪತ್ತು. ಕತ್ತರಿಸಿದವರು ಮೂವತ್ತು ಜನ.

ಡಿಎನ್‌ಎ ಓದುವ ಯಂತ್ರಗಳು ಮಾಡುವುದೂ ಹೀಗೆಯೇ, ಚೂರು ಮಾಡಿ ಓದುವುದು. ರಕ್ತದ ಡಿಎನ್‌ಎಯಲ್ಲಿ ಟಿ ಕಣ ಕತ್ತರಿಸುವ ಜಾಗದ ಚೂರುಗಳು ಎಷ್ಟು ಕಡಿಮೆ ಬಂದವು ಎಂದು ನೋಡಿದರೆ ಟಿ ಕಣಗಳ ಪಾಲು ಸಿಗುತ್ತದೆ. ಇದ್ದದ್ದನ್ನಲ್ಲ, ಇಲ್ಲದ್ದನ್ನು ಎಣಿಸುವ ಲೆಕ್ಕ. 2014ರಲ್ಲಿ ಬ್ರಿಟನ್ನಿನಲ್ಲಿ ಚಾರ್ಲ್ಸ್ ಸ್ವಾಂಟನ್ ಮುಂದಾಳತ್ವದಲ್ಲಿ ಶುರುವಾದ ಟ್ರೇಸರ್‌ಎಕ್ಸ್ ಎಂಬ ಶ್ವಾಸಕೋಶ ಕ್ಯಾನ್ಸರ್ ಅಧ್ಯಯನದ ಮಾದರಿಗಳ ಮೇಲೆ ಇದನ್ನು ಮೊದಲು ಪ್ರಯೋಗಿಸಿ 2021ರಲ್ಲಿ ಪ್ರಕಟಿಸಿದರು. 2025ರಲ್ಲಿ ಅದರ ಸುಧಾರಿತ ರೂಪವನ್ನು ಇಂಗ್ಲೆಂಡಿನ ಒಂದು ಲಕ್ಷ ಜೀನೋಮ್ ಯೋಜನೆಯ 90,000ದಷ್ಟು ಮಾದರಿಗಳಿಗೆ ಹಚ್ಚಿದರು. ಕ್ಯಾನ್ಸರ್ ಇರುವವರ ರಕ್ತದಲ್ಲಿ ಟಿ ಕಣಗಳ ಪಾಲು ಆರೋಗ್ಯವಂತರಿಗಿಂತ ಕಡಿಮೆ. ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು. ಅದಕ್ಕಿಂತ ಅಚ್ಚರಿಯ ಸಂಗತಿ, ಬದುಕಿನ ಅಂದಾಜಿಗೆ ಗೆಡ್ಡೆಯೊಳಗೆ ನುಗ್ಗಿದ ಟಿ ಕಣಗಳಿಗಿಂತ ರಕ್ತದಲ್ಲಿ ಸುತ್ತುವ ಟಿ ಕಣಗಳೇ ಹೆಚ್ಚು ನಂಬಿಕೆಗೆ ಅರ್ಹ ಎಂದು ಕಂಡದ್ದು. ಯುದ್ಧ ನಡೆಯುವ ಗಡಿಯನ್ನೇ ನೋಡಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು.

ಎಣಿಕೆಯಷ್ಟೇ ಅಲ್ಲ, ಚಲನೆಯೂ ನೋಡುತ್ತಾರೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ, ಇಮ್ಯುನೊಥೆರಪಿ ಶುರುವಾದ ನಾಲ್ಕು ವಾರದೊಳಗೆ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಪಿಡಿ-1 ಹೊತ್ತ ಸಿಡಿ8 ಕಣಗಳು ಹೊಸದಾಗಿ ದ್ವಿಗುಣಗೊಳ್ಳುತ್ತಿವೆಯೇ ಎಂದು ನೋಡಿತು. ಚಿಕಿತ್ಸೆ ಫಲಿಸಿದವರಲ್ಲಿ ಹತ್ತಕ್ಕೆ ಎಂಟು ಮಂದಿಯಲ್ಲಿ ಆ ಗಡುವಿನೊಳಗೇ ಎಚ್ಚರ ಕಂಡಿತ್ತು. ಒಟ್ಟು ರೋಗಿಗಳು 29 ಮಾತ್ರ ಎನ್ನುವುದೂ ನೆನಪಿರಲಿ. ಇಂಥ ಪರೀಕ್ಷೆಗಳಿಗೆ ಕಣಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಬಗೆ ಗುರುತಿಸುವ ಫ್ಲೋ ಸೈಟೋಮೀಟರ್ ಎಂಬ ಯಂತ್ರ ಬೇಕು. ನಮ್ಮ ಬೀದಿಯ ಲ್ಯಾಬಿನಲ್ಲಿ ಸಿಗುವಂಥದ್ದಲ್ಲ.

ಅಂಕಿ ದಾರಿ ತಪ್ಪಿಸುವ ಸಂದರ್ಭಗಳು

ಅನುಪಾತಕ್ಕೆ ಕ್ಯಾನ್ಸರ್ ಒಂದೇ ಗೊತ್ತಿರುವುದಲ್ಲ. ನ್ಯುಮೋನಿಯಾ ಬಂದರೆ ಏರುತ್ತದೆ. ಆಪರೇಷನ್ ಆದ ಮರುದಿನ ಏರುತ್ತದೆ. ಬೀಡಿ ಸಿಗರೇಟಿನಿಂದಲೇ ಬಿಳಿ ಕಣ ಹೆಚ್ಚುತ್ತದೆ. ಎದೆಗೆ ರೇಡಿಯೇಷನ್ ಕೊಟ್ಟರೆ ಅಲ್ಲಿ ಹಾದುಹೋಗುವ ರಕ್ತದ ಲಿಂಫೋಸೈಟ್‌ಗಳು ಸಾಯುತ್ತವೆ, ಆಗಲೂ ಏರುತ್ತದೆ. ಕೀಮೋ ನಂತರ ಬಿಳಿ ಕಣ ಹೆಚ್ಚಿಸಲು ಕೊಡುವ ಇಂಜೆಕ್ಷನ್ನಿನಲ್ಲಿರುವುದು ಅದೇ ಜಿ-ಸಿಎಸ್‌ಎಫ್. ಅದು ನ್ಯೂಟ್ರೋಫಿಲ್ಲನ್ನು ದಿಢೀರನೆ ಎತ್ತುತ್ತದೆ. ನಮ್ಮ ದೇಶದಲ್ಲಿ ಟಿಬಿಯನ್ನು ಮರೆಯುವ ಹಾಗಿಲ್ಲ. ಎಕ್ಸ್‌ರೇಯಲ್ಲಿ ಅದೂ ಕ್ಯಾನ್ಸರೂ ಒಂದೇ ಬಗೆಯ ನೆರಳಾಗಿ ಕಾಣಬಹುದು, ಎಷ್ಟೋ ರೋಗಿಗಳು ಮೊದಲು ಟಿಬಿ ಮಾತ್ರೆ ನುಂಗಿ ಆಮೇಲೆ ಕ್ಯಾನ್ಸರ್ ವಾರ್ಡಿಗೆ ಬರುತ್ತಾರೆ. ಟಿಬಿ ಕೂಡ ಈ ಕಣಗಳ ಪಾಲನ್ನು ಏರುಪೇರು ಮಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಏಮಾರಿಸುವುದು ಸ್ಟೀರಾಯ್ಡ್. ನಮ್ಮ ನ್ಯೂಟ್ರೋಫಿಲ್‌ಗಳಲ್ಲಿ ಸುಮಾರು ಅರ್ಧದಷ್ಟು ರಕ್ತದ ಹರಿವಿನಲ್ಲಿರುವುದೇ ಇಲ್ಲ; ರಕ್ತನಾಳದ ಗೋಡೆಗೆ ಒರಗಿ ನಿಂತಿರುತ್ತವೆ, ಬಸ್ ನಿಲ್ದಾಣದ ಕಂಬಕ್ಕೆ ಒರಗಿದವರ ಹಾಗೆ. ಸೂಜಿ ಹಾಕಿದಾಗ ಅವು ಟ್ಯೂಬಿಗೆ ಬರುವುದಿಲ್ಲ. ಸ್ಟೀರಾಯ್ಡ್ ಬಿದ್ದ ಕೂಡಲೇ ಒರಗಿದವರೆಲ್ಲ ನಡುರಸ್ತೆಗೆ ಬರುತ್ತಾರೆ. ಲಿಂಫೋಸೈಟ್‌ಗಳು ತದ್ವಿರುದ್ಧವಾಗಿ ಹರಿವು ಬಿಟ್ಟು ಮಜ್ಜೆ, ಗ್ರಂಥಿಗಳ ಒಳಗೆ ಸೇರಿಕೊಳ್ಳುತ್ತವೆ. ಕೆಲವೇ ಗಂಟೆಗಳಲ್ಲಿ ಅನುಪಾತ ಹಾರುತ್ತದೆ, ಗೆಡ್ಡೆ ಇದ್ದಲ್ಲೇ ಇದ್ದರೂ.

ಇನ್ನೊಂದು ತಪ್ಪು ತಿಳಿವಳಿಕೆ ಉಲ್ಟಾ ದಿಕ್ಕಿನದು: ಸಿಬಿಸಿ ಸರಿಯಿದೆ, ಹಾಗಾದರೆ ಕ್ಯಾನ್ಸರ್ ಇಲ್ಲ. ಹಾಗೇನೂ ಇಲ್ಲ. ಈ ಅನುಪಾತ ಶ್ವಾಸಕೋಶದ ಕ್ಯಾನ್ಸರ್ ಪತ್ತೆ ಮಾಡುವ ಪರೀಕ್ಷೆಯೇ ಅಲ್ಲ. ಬಹಳ ವರ್ಷ ಧೂಮಪಾನ ಮಾಡಿದವರಲ್ಲಿ ಬೇಗ ಪತ್ತೆ ಹಚ್ಚಿ ಸಾವು ತಗ್ಗಿಸಬಹುದೆಂದು ತೋರಿಸಿರುವುದು ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್. ಅಮೆರಿಕದ ದೊಡ್ಡ ಪ್ರಯೋಗವೊಂದು 2011ರಲ್ಲಿ ಎದೆಯ ಎಕ್ಸ್‌ರೇಗೆ ಹೋಲಿಸಿದರೆ ಅದರಿಂದ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ 20ರಷ್ಟು ಕಡಿಮೆಯಾದದ್ದನ್ನು ಕಂಡಿತು.

ವೈದ್ಯರು ಈ ಅಂಕಿಯನ್ನು ನೋಡುವುದು ಕ್ಯಾನ್ಸರಿನ ಹಂತ, ಬಗೆ, ಜೀನ್ ಬದಲಾವಣೆ, ಪಿಡಿ-ಎಲ್1, ರೋಗಿ ಎದ್ದು ಓಡಾಡುತ್ತಿದ್ದಾರೆಯೇ, ತೂಕ ಇಳಿದಿದೆಯೇ ಎನ್ನುವುದರ ಜೊತೆಗೆ. ಒಂದು ದಿನದ ಅಂಕಿಗಿಂತ, ಒಂದೇ ಲ್ಯಾಬಿನಲ್ಲಿ ಚಿಕಿತ್ಸೆಗೆ ಮೊದಲು ಮತ್ತು ನಂತರ ತೆಗೆದ ಮೂರ್ನಾಲ್ಕು ರಿಪೋರ್ಟುಗಳನ್ನು ಸಾಲಾಗಿ ಇಟ್ಟರೆ ಹೆಚ್ಚು ಅರ್ಥವಾಗುತ್ತದೆ. ಆದ್ದರಿಂದ ಹಳೆಯ ಸಿಬಿಸಿ ಹಾಳೆಗಳನ್ನು ಎಸೆಯಬೇಡಿ. ತಾರೀಖಿನ ಪ್ರಕಾರ ಫೈಲಿನಲ್ಲಿಟ್ಟು, ಆ ದಿನ ಜ್ವರ ಇತ್ತೇ, ಯಾವ ಮಾತ್ರೆ ನಡೆದಿತ್ತು ಎಂದು ಪೆನ್ನಿನಲ್ಲಿ ಪಕ್ಕಕ್ಕೆ ಬರೆದಿಡಿ.

ಆ ರಾತ್ರಿ ತಂಗಿಗೆ ನಾನು ಕೇಳಿದ್ದು ಎರಡೇ. ಮಾವನಿಗೆ ಜ್ವರ ಇದೆಯಾ? ರಕ್ತ ಕೊಡುವ ಹಿಂದಿನ ದಿನ ಯಾವ ಮಾತ್ರೆ ತಗೊಂಡಿದ್ರು? ಜ್ವರ ಇಲ್ಲ ಅಂದಳು. ಐದು ನಿಮಿಷ ಬಿಟ್ಟು, ಮಾತ್ರೆ ಡಬ್ಬಿಯಿಂದ ತೆಗೆದ ಒಂದು ಸ್ಟ್ರಿಪ್ಪಿನ ಫೋಟೊ ಬಂತು. ಅರ್ಧ ಖಾಲಿ. ಬೆಳ್ಳಿ ಹಾಳೆಯ ಮೇಲೆ ಡೆಕ್ಸಾಮೆಥಾಸೋನ್ ಎಂಬ ಹೆಸರು ಹರಿದೂ ಹರಿಯದಂತೆ ಉಳಿದಿತ್ತು. "ಇದು ಊಟ ಸೇರ್ಲಿ ಅಂತ ಕೊಟ್ಟಿದ್ದಲ್ವಾ ಅಕ್ಕಾ?"

ಅದು ಸ್ಟೀರಾಯ್ಡ್ ಎಂದೆ. ನಾಳೆ ಡಾಕ್ಟರಿಗೆ ರಿಪೋರ್ಟಿನ ಜೊತೆ ಈ ಸ್ಟ್ರಿಪ್ಪನ್ನೂ ತೋರಿಸು, ನೀವಾಗಿಯೇ ನಿಲ್ಲಿಸಬೇಡಿ ಎಂದೂ ಹೇಳಿದೆ. ಸರಿ ಎಂದಳು. ಹನ್ನೆರಡೂವರೆಗೆ ನೋಡಿದಾಗ ಇನ್ನೂ ಆನ್‌ಲೈನ್ ಇದ್ದಳು.